ಅಣ್ಣನ ಮುಂದಿಟ್ಟ ನಳದ ನೀರು

ಮುಂಡಗೋಡದ ನಮ್ಮ ಓಣಿಯ ನಳಕ್ಕೆ ನೀರು ಬರುವುದು ಊರಾಚೆಯ ಕೆರೆಯಿಂದ. ಆ ಕೆರೆಯ ಮೇಲ್ಗಡೆಯೇ ನನ್ನ ಅಣ್ಣನ ಗೋವಿನಜೋಳದ ಹೊಲ. ಕೆರೆಗೆ ನೀರು ತರುವ ಹಳ್ಳದ ದಂಡೆಯವರೆಗೂ, ಕಾಲಿಡಲು ಜಾಗ ಬಿಡದೆ, ಬಿತ್ತುತ್ತಿದ್ದ. ಹುಳಕ್ಕೆ ಔಷಧಿ ಹೊಡೆದ ಪಂಪನ್ನು ತೊಳೆಯುವುದೂ ಅದೇ ಹಳ್ಳದಲ್ಲಿ. ಅವನ ಮನೆಗೆ ಸ್ವಂತ ಬೋರ್‌ವೆಲ್ ಇದೆ. ಕೆರೆಯ ನೀರು ಅವನ ಗಂಟಲಿಗೆ ಇಳಿದದ್ದೇ ಇಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆಸಿದಾಗ ಓಣಿಯವರೆಲ್ಲ ಹಿಗ್ಗಿದ್ದೆವು. ಎರಡು ದೊಡ್ಡ ಮಳೆ ಬಿದ್ದದ್ದೇ ತಡ, ಅಣ್ಣನ ಹೊಲದ ಮಣ್ಣು ಇಳಿದು ಬಂದು ಕೆರೆಯ ಬಾಯಲ್ಲಿ ಕುಳಿತಿತು, ನಳದಲ್ಲಿ ಕೆಂಪು ನೀರು ಬಂತು. ನನಗೆ ಮೈಯೆಲ್ಲ ಉರಿಯಿತು. ದಂಡೆಗುಂಟ ನಾಲ್ಕು ಸಾಲು ಬಿಟ್ಟು ಲಾವಂಚದ ಹುಲ್ಲು ಹಚ್ಚು, ಅದರ ಬೇರು ಮಣ್ಣು ಹಿಡಿಯುತ್ತದೆ ಎಂದು ಹೇಳಿ ಹೇಳಿ ಬಾಯಿ ನೋವು ಬಂದಿತ್ತು.

"ನಿನಗ ಹೊಲದ್ದೇನ ತಿಳೀತೈತಿ?" ಎಂದು ನಕ್ಕುಬಿಡುತ್ತಿದ್ದ.

ನಾಗರಪಂಚಮಿಗೆ ಮದುವೆಯಾದ ತಂಗಿಯನ್ನು ತವರಿಗೆ ಕರೆಯಲು ಅಣ್ಣ ಬರಲೇಬೇಕು. ಹಬ್ಬಕ್ಕೆ ಎರಡು ದಿನ ಮೊದಲೇ ಬಂದ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮ ಪದ್ಧತಿ. ಸೋಸದೆ, ಕಾಸದೆ, ನಳದ ನೀರನ್ನೇ ಗಾಜಿನ ಲೋಟದಲ್ಲಿ ತುಂಬಿ ಮುಂದಿಟ್ಟೆ.

"ಏನಿದು, ಚಾ ಏನು?"

"ನಿನ್ನ ಹೊಲ. ಕುಡಿ."

ಅವನ ಮುಖ ಕಪ್ಪಿಟ್ಟಿತು. ತವರಿಗೆ ಹೋಗದ ಪಂಚಮಿಯನ್ನು ನಾನು ಕಂಡಿರಲಿಲ್ಲ. ಆದರೂ ಹೇಳಿಯೇಬಿಟ್ಟೆ: "ಆ ಸಾಲು ಬಿಡೂತನಕ ನಾ ಬರೂದಿಲ್ಲ."

ಬೆಲ್ಲವನ್ನೂ ಮುಟ್ಟದೆ ಎದ್ದುಹೋದ.

ಹಬ್ಬದ ದಿನ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. "ಬೆಳದು ನಿಂತ ನಾಕು ಸಾಲು ಕಿತ್ತೇನಿ. ಪಂಪ್ ಇನ್ನ ಹಳ್ಳದಾಗ ತೊಳಿಯೂದಿಲ್ಲ. ಈಗರ ಬರ್ತೀಯೋ ಇಲ್ಲೋ?"

ಆ ವರ್ಷ ತವರಿನಲ್ಲಿ ನಾನು ಜೋಕಾಲಿ ಹತ್ತಲಿಲ್ಲ. ಹೊಸ ಸೀರೆಯ ಸೆರಗು ಸಿಕ್ಕಿಸಿ, ಅತ್ತಿಗೆಯ ಜೊತೆ ಹಳ್ಳದ ದಂಡೆಗೆ ಲಾವಂಚ ಹಚ್ಚಿದೆ. "ಸಾಲು ಸೊಟ್ಟ ಆಗೇತಿ ನೋಡು" ಎಂದು ಅಣ್ಣ ನಿಂತಲ್ಲಿಂದಲೇ ಹಂಗಿಸಿದ. ಸೊಟ್ಟಗಿದ್ದರೂ ಎಲ್ಲವೂ ಬೇರು ಬಿಟ್ಟವು.

ಈ ಪಂಚಮಿಗೆ ಬಂದವನು ಕೂರುವ ಮೊದಲೇ ನಳದ ನೀರು ಕೇಳಿದ. ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಕೆಂಪು ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಅಷ್ಟನ್ನೂ ಕುಡಿದು ಲೋಟ ಕೆಳಗಿಟ್ಟ.

"ಇನ್ನೂ ಎರಡು ಸಾಲು ಬಿಡಬೇಕು" ಅಂದ.