ಮಜ್ಜಿಗೆ ಕಂಬದ ಕದಿರು

ನಮ್ಮ ಅಡುಗೆಮನೆಯ ನಡುವೆ ಅಟ್ಟವನ್ನು ಹೊತ್ತು ನಿಂತ ಮರದ ಕಂಬವೊಂದಿದೆ. ಮನೆಯಲ್ಲಿ ದನ ಇದ್ದ ಕಾಲದಲ್ಲಿ ಅದಕ್ಕೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯುತ್ತಿದ್ದರು. ದನ ಹೋಗಿ ಪ್ಯಾಕೆಟ್ ಹಾಲು ಬಂದ ಮೇಲೂ ಅದು ಮಜ್ಜಿಗೆ ಕಂಬವೇ. ಈ ವರ್ಷ ಮಳೆ ಕಡಿಮೆಯಾಗುತ್ತಿದ್ದ ಹೊತ್ತಿಗೆ ಆ ಕಂಬಕ್ಕೆ ನಾನು ಒಂದು ಕೆಲಸ ಮಾಡಿದೆ. ಮನೆ ಚಂದ ಕಾಣಲಿ ಎಂದೇ ಮಾಡಿದ್ದು. ಅದರ ಫಲವಾಗಿ ನನ್ನ ಹೆಂಡತಿ ಇವತ್ತಿಗೂ ಬ್ರಹ್ಮಾವರದಲ್ಲಿ ಮಗಳ ಮನೆಯಲ್ಲೇ ಇದ್ದಾಳೆ. ಇದನ್ನು ಯಾರಿಗಾದರೂ ಹೇಳದೆ ಇರಲಾರೆ ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಕದಿರಿನ ವಿಷಯ ಹೇಳಬೇಕು. ನವರಾತ್ರಿಯ ಹೊತ್ತಿಗೆ ನಮ್ಮ ಕಡೆ ಗದ್ದೆಯಲ್ಲಿ ತೆನೆ ಬಂದಿರುತ್ತದೆ. ಒಳ್ಳೆಯ ದಿನ ನೋಡಿ, ಬೆಳಿಗ್ಗೆ ಮಿಂದು ಗದ್ದೆಗೆ ಹೋಗಿ ಒಂದಷ್ಟು ತೆನೆ ಕೊಯ್ದು, ಹರಿವಾಣದಲ್ಲಿಟ್ಟು ತಲೆಯ ಮೇಲೆ ಹೊತ್ತು ತರುತ್ತೇವೆ. ತುಳಸಿಕಟ್ಟೆಯ ಮುಂದೆ ಪೂಜೆಯಾದ ಮೇಲೆ ಕಟ್ಟುವ ಕೆಲಸ. ಕೆಲವು ತೆನೆ ಜೋಡಿಸಿ, ಅದಕ್ಕೆ ಬಿದಿರಿನ ಎಲೆ, ಮಾವಿನ ಎಲೆ ಸೇರಿಸಿ, ಹೊರಗಿನಿಂದ ಹಲಸಿನ ಎಲೆ ಸುತ್ತಿ, ನೀರಲ್ಲಿ ನೆನೆದ ತೊಗಟೆಯ ನಾರಿನಿಂದ ಬಿಗಿದರೆ ಅಂಗೈಯಷ್ಟು ಉದ್ದದ ಒಂದು ಕಟ್ಟು ಆಗುತ್ತದೆ. ಅದೇ ಕದಿರು. ಬಾಗಿಲಿಗೆ, ಬಾವಿಗೆ, ಅಕ್ಕಿ ಡಬ್ಬಕ್ಕೆ, ಒರಳಿಗೆ, ಫಲ ಕೊಡುವ ಮರಕ್ಕೆ, ಮನೆಗಾಗಿ ದುಡಿಯುವ ಎಲ್ಲದಕ್ಕೂ ಒಂದೊಂದು ಕಟ್ಟಬೇಕು. ವರ್ಷವಿಡೀ ಅದು ಇದ್ದಲ್ಲೇ ಒಣಗಿಕೊಂಡಿರುತ್ತದೆ. ಮುಂದಿನ ವರ್ಷ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಾರೆ.

ಮಜ್ಜಿಗೆ ಕಂಬದ್ದನ್ನು ಮಾತ್ರ ನನ್ನ ಹೆಂಡತಿ ಬಿಚ್ಚುತ್ತಿರಲಿಲ್ಲ. ಹಳೆಯದರ ಮೇಲೇ ಹೊಸದನ್ನು ಕಟ್ಟುತ್ತಿದ್ದಳು. ಹಾಗೆ ಕಟ್ಟಿ ಕಟ್ಟಿ ಕಂಬದ ಸುತ್ತ ದಪ್ಪ ದಿಂಬು ಕಟ್ಟಿದ ಹಾಗೆ ಆಗಿತ್ತು. ಕೆಳಗಿನವು ಹೊಗೆ ಹಿಡಿದು ಕಪ್ಪಗೆ, ಮೇಲಿನವು ಹುಲ್ಲಿನ ಬಣ್ಣ.

ಇದೆಲ್ಲ ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಹೈಸ್ಕೂಲು ಮುಗಿಸಿದ ಮೇಲೆ ನಾನು ಕುಂದಾಪುರ–ಬೈಂದೂರು ಓಡಾಡುವ ಖಾಸಗಿ ಬಸ್ಸಿಗೆ ಕಂಡಕ್ಟರ್ ಆಗಿ ಸೇರಿ, ಅದರಲ್ಲೇ ಮುದುಕನಾದವನು. ಆಯುಧಪೂಜೆಗೆ ಬಸ್ಸು ಸಿಂಗರಿಸುವುದರಲ್ಲಿ ನನಗೆ ಹೆಸರಿತ್ತು. ತೆಂಗಿನ ಎಳೆಗರಿಯಲ್ಲಿ ಗಿಣಿ ಹೆಣೆದು ಕನ್ನಡಿಗೆ ತೂಗಿಬಿಡುತ್ತಿದ್ದೆ. ಎದುರಿನ ಗಾಜಿನ ಎರಡು ಬದಿಗೂ ಅಡಿಕೆಯ ಹಿಂಗಾರ, ಬಂಪರಿಗೆ ಬಾಳೆಕಂದು, ಬಾಗಿಲಿನ ಸುತ್ತ ಗೊಂಡೆ ಹೂವು ಮತ್ತು ಮಾವಿನೆಲೆಯ ತೋರಣ. ಬೇರೆ ಬಸ್ಸಿನವರು ಬಂದು ನೋಡಿ ಹೋಗುತ್ತಿದ್ದರು. ಹೊಸ್ತಿನ ದಿನವೂ, ಅಂದರೆ ಹೊಸ ಅಕ್ಕಿಯ ಊಟದ ದಿನವೂ, ನಾನು ಗದ್ದೆಯಿಂದ ತೆನೆ ತಂದು ತುಳಸಿಯ ಮುಂದಿಟ್ಟರೆ ನನ್ನ ಕೆಲಸ ಮುಗಿಯಿತು. ಬಸ್ಸಿನ ಕದಿರನ್ನು ಹೆಂಡತಿ ಎಲ್ಲಕ್ಕಿಂತ ಮೊದಲು ಕಟ್ಟಿ ಜಗಲಿಯ ಮೇಲೆ ಇಡುತ್ತಿದ್ದಳು. ಅದನ್ನೆತ್ತಿಕೊಂಡು ಹೋಗುತ್ತಿದ್ದೆ. ಉಳಿದವನ್ನು ಅವಳು ಎಲ್ಲೆಲ್ಲಿ ಕಟ್ಟುತ್ತಾಳೆ, ಯಾಕೆ ಕಟ್ಟುತ್ತಾಳೆ ಎಂದು ಕೇಳಿದವನಲ್ಲ. ಸಂಜೆ ಬಂದು ಊಟಕ್ಕೆ ಕೂರುವಾಗ ಮನೆಯೆಲ್ಲ ಹಸಿ ಎಲೆಯ ವಾಸನೆ ಇರುತ್ತಿತ್ತು. ಆ ವಾಸನೆ ನನಗೆ ಇಷ್ಟವಿತ್ತು. ಅಷ್ಟನ್ನು ಕೂಡ ಅವಳಿಗೆ ಹೇಳಿದ ನೆನಪಿಲ್ಲ.

ಈ ಮಳೆಗಾಲದಲ್ಲಿ ಅವಳ ಮೊಣಕಾಲಿನ ಆಪರೇಷನ್ ಆಯಿತು. ವ್ಯಾಯಾಮ ಮಾಡಿಸುವವರು ಹತ್ತಿರದಲ್ಲಿ ಸಿಗುತ್ತಾರೆಂದು ಮಗಳು ಬ್ರಹ್ಮಾವರಕ್ಕೆ ಕರೆದುಕೊಂಡು ಹೋದಳು. ತೆಕ್ಕಟ್ಟೆಯ ನಮ್ಮ ಮನೆಯಲ್ಲಿ ನಾನು, ಮಗ, ಸೊಸೆ. ಮಗನಿಗೆ ಮೀನಿನ ಲಾರಿಯ ಕೆಲಸ, ಮನೆಯಲ್ಲಿ ಇರುವುದು ಕಡಿಮೆ. ನವರಾತ್ರಿಗೆ ಮೊದಲು ಅವಳು ವಾಪಸು ಬರುವುದೆಂದು ಮಾತಾಗಿತ್ತು. ಬರುವಷ್ಟರಲ್ಲಿ ಅಡುಗೆಮನೆಗೆ ಬಣ್ಣ ಹೊಡೆಸೋಣ, ಬಂದವಳು ಬಾಗಿಲಲ್ಲೇ ನಿಂತು ನೋಡಲಿ ಎಂದು ನನಗೆ ಆಸೆಯಾಯಿತು. ಗೋಡೆಗೆ ತಿಳಿಹಳದಿ, ಕಂಬಕ್ಕೆ ಕಂದು ಆಯಿಲ್ ಪೇಂಟ್.

ಬಣ್ಣದವನು ಕಂಬವನ್ನು ನೋಡಿ, "ಇದೆಂತ ಹ್ವಾಯ್, ಹಕ್ಕಿ ಗೂಡಾ?" ಎಂದು ಕೇಳಿದ. ನನಗೆ ನಾಚಿಕೆಯಾಯಿತು. ಸೊಸೆ ತವರಿಗೆ ಹೋಗಿದ್ದಳು, ತಡೆಯುವವರು ಯಾರೂ ಇರಲಿಲ್ಲ. ಕತ್ತಿ ತಂದು ನಾನೇ ಸೀಳಿ ತೆಗೆದೆ. ಧೂಳು, ಜಿರಳೆ ಮೊಟ್ಟೆ, ಹುಡಿಹುಡಿಯಾದ ಎಲೆ. ಎಲ್ಲವನ್ನೂ ಬಾಚಿ ಬಚ್ಚಲ ಒಲೆಗೆ ಹಾಕಿದೆ. ಕಾಗದದ ಹಾಗೆ ಹತ್ತಿಕೊಂಡಿತು. ಒಳಗಿದ್ದ ಭತ್ತ ಕೆಲವು ಪಟಪಟನೆ ಅರಳಾಗಿ ಸಿಡಿದವು. ಆ ಸದ್ದಿಗೆ ನಾನು ನಕ್ಕೆ ಕೂಡ.

ಕಂಬ ಹೊಳೆಯತೊಡಗಿದ ಮೇಲೆ ಅದರ ಫೋಟೋ ತೆಗೆದು ಮಗಳ ಮೊಬೈಲಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಮಾರನೆಯ ದಿನ ಮಗಳು ಫೋನ್ ಮಾಡಿ, ಅಮ್ಮ ಫೋಟೋ ನೋಡಿದವಳು ಮೊಬೈಲ್ ಕೆಳಗಿಟ್ಟು ಒಳಗೆ ಹೋಗಿ ಮಲಗಿದಳು, ಇನ್ನೂ ಸ್ವಲ್ಪ ದಿನ ಇಲ್ಲೇ ಇರುತ್ತಾಳಂತೆ ಎಂದಳು. ಕಾಲು ನೋವು ಇರಬೇಕು ಅಂದುಕೊಂಡೆ. ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು.

ಕಾರಣ ಹೇಳಿದವಳು ಸೊಸೆ. ಶಿರೂರಿನ ತವರಿನಿಂದ ಬಂದವಳು ಕಂಬ ನೋಡಿ ಬಾಗಿಲಲ್ಲೇ ನಿಂತಳು. ಕಳೆದ ವರ್ಷ ಕದಿರು ಕಟ್ಟುವಾಗ ಅತ್ತೆ ಅವಳಿಗೆ ಆ ಕಂಬವನ್ನು ಬೆರಳಿಟ್ಟು ತೋರಿಸಿದ್ದಳಂತೆ. ಎಲ್ಲಕ್ಕಿಂತ ಅಡಿಯಲ್ಲಿದ್ದದ್ದು ನನ್ನ ಹೆಂಡತಿ ಮದುವೆಯಾಗಿ ಬಂದ ವರ್ಷದ್ದು. ಗಂಟು ಹಾಕಲು ಬಾರದೆ ಅತ್ತಾಗ ನನ್ನ ತಾಯಿ ಅವಳ ಕೈ ಹಿಡಿದು ಹಾಕಿಸಿದ ಗಂಟು. ಅದರ ಮೇಲಿನದು ಮಗಳನ್ನು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ, ಹಲ್ಲಿನಿಂದ ನಾರು ಎಳೆದು ಕಟ್ಟಿದ್ದು. ನಡುವೆ ಒಂದು, ರಸ್ತೆ ಅಗಲವಾದಾಗ ಹೋದ ತುಂಡುಗದ್ದೆಯ ಕೊನೆಯ ತೆನೆ. ಇನ್ನೊಂದು, ನನ್ನ ತಾಯಿ ಹೋಗಿ ವರ್ಷ ಕಳೆದ ಮೇಲೆ, ಹೇಳಿಕೊಡುವವರು ಇಲ್ಲದೆ ಕಟ್ಟಿದ್ದು. ಸೊಸೆ ಹೇಳುತ್ತಾ ಹೋದಳು. ನಾನು ಕೇಳುತ್ತಾ ಹೋದೆ. ಅವಳು ಮನೆಗೆ ಬಂದು ಎರಡು ವರ್ಷ ಆಗಿಲ್ಲ.

ಆ ದಿನದಿಂದ ಮನೆಯ ಸದ್ದುಗಳು ನನಗೆ ಬೇರೆಯಾಗಿ ಕೇಳಿಸತೊಡಗಿದವು. ಹೆಂಡತಿ ಒಗ್ಗರಣೆ ಹಾಕಿ ಸೌಟಿನಿಂದ ಪಾತ್ರೆಯ ಅಂಚಿಗೆ ಒಮ್ಮೆ ಬಡಿಯುತ್ತಿದ್ದಳು. ಸೊಸೆ ಬಡಿಯುವುದಿಲ್ಲ. ಆ ಒಂದು ಸದ್ದಿಗಾಗಿ ನಾನು ಚಾವಡಿಯಲ್ಲಿ ಕಿವಿಗೊಟ್ಟು ಕೂತಿರುತ್ತೇನೆ. ಬೆಳಿಗ್ಗೆ ಅಂಗಳ ಗುಡಿಸುವಾಗ ಅವಳು ಕೋಳಿಗಳಿಗೆ ಬೈಯುತ್ತಿದ್ದದ್ದು, ಗಂಜಿಗೆ ಕೂತಾಗ ಉಪ್ಪಿನಕಾಯಿಯನ್ನು ಕೇಳುವ ಮೊದಲೇ ತಟ್ಟೆಯ ಎಡಬದಿಗೆ ಬಡಿಸುತ್ತಿದ್ದದ್ದು ನೆನಪಾಗುತ್ತದೆ. ಫೋನಿನಲ್ಲಿ ಅವಳು ಔಷಧಿ ತಕಂಡ್ರ್ಯಾ ಎಂದು ಕೇಳುತ್ತಿದ್ದಳು, ನಾನು ಹೂಂ ಎನ್ನುತ್ತಿದ್ದೆ. ಕಂಬದ ಮಾತು ಇಬ್ಬರೂ ಎತ್ತಲಿಲ್ಲ. ಫೋನಿಟ್ಟ ಮೇಲೆ ಎತ್ತಬೇಕಿತ್ತು ಅನ್ನಿಸುತ್ತಿತ್ತು.

ಹೊಸ್ತಿನ ದಿನ ಬಂತು. ತೆನೆ ತಂದು ತುಳಸಿಯ ಮುಂದಿಟ್ಟೆ. ಪೂಜೆಯಾಯಿತು. ಸೊಸೆಗೆ ಕದಿರು ಕಟ್ಟಲು ಚೆನ್ನಾಗಿ ಬರುತ್ತದೆ. ಆದರೂ ಎಲೆ, ನಾರು ಎಲ್ಲವನ್ನೂ ನನ್ನ ಮುಂದೆ ತಂದಿಟ್ಟು, "ಮಾವ, ಈ ಸರ್ತಿ ನೀವೇ ಕಟ್ಟಿ. ನಂಗೆ ಅಡಿಗೆ ಇತ್ತ್" ಎಂದಳು. ಎಂದವಳು ಅಡುಗೆಗೆ ಹೋಗಲಿಲ್ಲ. ಮೊಬೈಲಿನಲ್ಲಿ ಅತ್ತೆಗೆ ವಿಡಿಯೋ ಕಾಲ್ ಹಚ್ಚಿ ನನ್ನ ಕೈಗೆ ನೇರವಾಗಿ ಹಿಡಿದು ನಿಂತಳು.

ಹೆಂಡತಿಯ ಮುಖ ಕಾಣಿಸಿತು. ಅವಳು ನನ್ನೊಡನೆ ಮಾತಾಡಲಿಲ್ಲ. ಸೊಸೆಯ ಬಳಿ ಪಾಯಸಕ್ಕೆ ಬೆಲ್ಲ ಎಷ್ಟು, ಕಾಯಿ ತುರಿದಾಯಿತೇ ಎಂದು ಕೇಳುತ್ತಿದ್ದಳು. ನಾನು ತಲೆ ತಗ್ಗಿಸಿ ಎಲೆ ಸುತ್ತುತ್ತಿದ್ದೆ. ಸುತ್ತಿದ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ತೆನೆ ಒಂದು ಕಡೆ, ಬಿದಿರಿನ ಎಲೆ ಒಂದು ಕಡೆ. ಸ್ವಲ್ಪ ಹೊತ್ತು ಅವಳು ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ಹಲ್ಸಿನೆಲೆ ತಲೆಕೆಳ್ಗ್ ಆಯ್ತ್ ಮರ್ರೆ. ಅದೆಂತ ಕದ್ರಾ, ಬೀಡಿ ಕಟ್ಟಾ?"

"ಮೊದ್ಲ್ ಸಲ ಕಟ್ಟುದ್ ಅಲ್ದಾ" ಎಂದೆ.

"ಬಸ್ಸಿಗ್ ಗಿಣಿ ಮಾಡುಕೆ ಬತ್ತಿತ್ತಲೆ. ಅಡಿಯಿಂದ್ ಹಿಡೀರಿ. ನಾರ್ ಬಿಗಿ ಮಾಡಿ, ಗಂಟ್ ಹಿಂದ್ ಬರ್ಕ್."

ಹಿಡಿದೆ. ಬಿಗಿದೆ. ಮೊದಲನೆಯದು ಬಾಗಿಲಿಗೆ ಆಯಿತು. ಆಮೇಲೆ ಅವಳು ಹೇಳಿದ ಕಡೆಗೆಲ್ಲ ಹೋದೆ, ಸೊಸೆ ಮೊಬೈಲ್ ಹಿಡಿದು ಹಿಂದೆ. ಬಾವಿಗೆ ಒಂದು, ಪಂಪಿನ ಸ್ವಿಚ್ಚಿನ ಪೆಟ್ಟಿಗೆಗೆ ಒಂದು. ಅಕ್ಕಿ ಡಬ್ಬ, ಗ್ರೈಂಡರ್, ಹೊಲಿಗೆ ಮೆಷಿನ್. ಮಕ್ಕಳಿಬ್ಬರ ಬಟ್ಟೆಯೂ ಆ ಮೆಷಿನ್ನಿನಲ್ಲೇ ಆದದ್ದು. ಒಗೆಯುವ ಕಲ್ಲಿನ ಪಕ್ಕದ ಪೇರಳೆ ಗಿಡಕ್ಕೂ ಒಂದು ಕಟ್ಟಿ ಎಂದಳು. ಅದು ಕಾಯಿ ಬಿಡದೆ ಎಷ್ಟೋ ಕಾಲವಾಯಿತಲ್ಲ ಎಂದೆ. ಮನೆಯವರ ಬಟ್ಟೆಯೆಲ್ಲ ಒಣಗಿದ್ದು ಅದರ ಮೇಲೆ, ನಿಮ್ಮ ಖಾಕಿ ಅಂಗಿ ಸಮೇತ ಎಂದಳು. ಸೊಸೆ ನಕ್ಕಳು. ಹೆಂಡತಿಯೂ ನಕ್ಕಳು. ಎಷ್ಟು ದಿನಗಳ ಮೇಲೆ ಆ ನಗು ನೋಡಿದೆನೋ. ನಾನು ಇದೇ ಮನೆಯಲ್ಲಿ ಇಷ್ಟು ವರ್ಷ ಇದ್ದವನು, ಅವಳ ಬೆನ್ನ ಹಿಂದೆ ನಡೆದು ಮನೆ ನೋಡಿದ್ದು ಅವತ್ತೇ. ಅದೂ ಅವಳು ಮನೆಯಲ್ಲಿ ಇಲ್ಲದ ದಿನ.

ಕೊನೆಗೆ ಅಡುಗೆಮನೆಗೆ ಬಂದೆವು. ನಗು ನಿಂತಿತು.

ನಾನು ಕಂಬಕ್ಕೆ ಕದಿರು ಇಟ್ಟು ನಾರು ಸುತ್ತಿ ಗಂಟು ಹಾಕಿದೆ. ಕೈ ಬಿಟ್ಟ ಕೂಡಲೇ ಅದು ನುಣ್ಣಗಿನ ಬಣ್ಣದ ಮೇಲೆ ಜಾರಿ ಕೆಳಗಿಳಿಯಿತು. ಮತ್ತೆ ಮೇಲೆತ್ತಿ ಬಿಗಿದೆ. ಮತ್ತೆ ಜಾರಿತು. ಮೂರನೆಯ ಸಲ ನೆಲದವರೆಗೂ ಇಳಿದು ಕಂಬದ ಬುಡದಲ್ಲಿ ಕೂತಿತು. ಸೊಸೆ ಮೊಬೈಲ್ ಹಿಡಿದ ಕೈಯನ್ನು ಸ್ವಲ್ಪ ಕೆಳಗೆ ಮಾಡಿದಳು. ನಾನೂ ಅಲ್ಲೇ ಕೂತೆ.

"ಗೊತ್ತಿಲ್ದೆ ಮಾಡ್ದೆ" ಎಂದೆ. "ತಪ್ಪಾಯ್ತ್."

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ಗೊತ್ತಿಲ್ದೆ ಅಂದ್ರೆ ಹ್ಯಾಂಗೆ?" ಎಂದಳು, ನಿಧಾನವಾಗಿ. "ದಿನಾ ಅದ್ರ್ ಅಡಿಯಲ್ಲೇ ಕೂಕಂಡ್ ಉಂಡದ್ದ್ ಅಲ್ದಾ ನೀವ್?"

ನನ್ನ ಮಣೆ ಇರುತ್ತಿದ್ದದ್ದು ಆ ಕಂಬದ ಪಕ್ಕದಲ್ಲೇ. ಉಣ್ಣುವಾಗ ನಾನು ಟಿಕೆಟಿನ ಲೆಕ್ಕವನ್ನೋ ನಾಳಿನ ಟ್ರಿಪ್ಪನ್ನೋ ಯೋಚಿಸುತ್ತಿದ್ದೆ. ತಲೆ ಎತ್ತಿದರೆ ಕದಿರು ಕಾಣುತ್ತಿತ್ತು. ಕದಿರಿನ ಆಚೆ, ಒಲೆಯ ಮುಂದೆ, ಅವಳು ಕಾಣುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಯಾರಿಗೂ ಹೊಡೆದವನಲ್ಲ, ಕುಡಿದವನಲ್ಲ, ಸಂಪಾದಿಸಿದ್ದನ್ನು ಮನೆಗೇ ತಂದವನು. ಇದನ್ನೇ ದೊಡ್ಡದೆಂದು ತಿಳಿದುಕೊಂಡಿದ್ದೆ. ಮನೆಯನ್ನು ನೋಡದೆ ಮನೆಯಲ್ಲಿ ಇರುವುದು ತಪ್ಪೆಂದು ನನಗೆ ಹೊಳೆದಿರಲೇ ಇಲ್ಲ.

ಅಷ್ಟರಲ್ಲಿ ಮಗ ಬಂದ. ಊಟಕ್ಕೆ ಎಲೆ ಹಾಕಿದರು. ನಮ್ಮಲ್ಲಿ ಹೊಸ ಅಕ್ಕಿಯ ಅನ್ನ ಬಾಯಿಗೆ ಇಡುವ ಮೊದಲು ಕಿರಿಯರು ಹಿರಿಯರನ್ನು ನೋಡಿ "ಹೊಸ್ತ್ ಉಂತೆ", ಹೊಸತು ಉಣ್ಣುತ್ತೇನೆ, ಎನ್ನಬೇಕು, ಹಿರಿಯರು ಒಪ್ಪಿಗೆ ಕೊಡಬೇಕು. ಮಗ ಹೇಳಿದ, ಸೊಸೆ ಹೇಳಿದಳು. ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟಿದ್ದರು. ಆ ಕಡೆ ಮಗಳ ಮನೆಯಲ್ಲೂ ಎಲೆ ಹಾಕಿತ್ತು. ಹೆಂಡತಿ ಪ್ರತಿ ವರ್ಷ ನನಗೆ ಹೇಳಿಯೇ ಉಣ್ಣುತ್ತಿದ್ದವಳು. ಅವಳು ಬಾಯಿ ತೆರೆಯುವ ಮೊದಲು ನಾನೇ ಅವಳನ್ನು ನೋಡಿ ಹೇಳಿದೆ.

"ಹೊಸ್ತ್ ಉಂತೆ."

ಸೊಸೆ ಮುಖ ತಿರುಗಿಸಿ ನಗು ತಡೆದಳು. ಗಂಡನಾದವನು ಹೆಂಡತಿಯ ಒಪ್ಪಿಗೆ ಕೇಳುವ ಕ್ರಮ ಎಲ್ಲಿಯೂ ಇಲ್ಲ.

"ಉಣ್ಣಿ" ಎಂದಳು ಹೆಂಡತಿ. ಮತ್ತೆ, "ಆ ಕಂಬದ್ ಕದ್ರ್ ಬೇರೆ ಎಲ್ಲೂ ಕಟ್ಬೇಡಿ. ಹಾಂಗೇ ಇರ್ಲಿ, ಕಾಂಬ."

ನೋಡೋಣ ಎಂದಳೇ ಹೊರತು ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮರುದಿನದಿಂದ ಕಂಬದ ಬಣ್ಣ ಕೆರೆಯತೊಡಗಿದೆ. ಬಣ್ಣ ಕರಗಿಸುವ ಎಣ್ಣೆ ಕುಂದಾಪುರದಲ್ಲಿ ಸಿಗುತ್ತದೆ, ತಂದುಕೊಡುತ್ತೇನೆ ಎಂದು ಮಗ ಹೇಳಿದ. ಬೇಡವೆಂದೆ. ಗಾಜಿನ ಚೂರಿನಿಂದ ಕೆರೆದು, ಮರಳುಕಾಗದದಲ್ಲಿ ಉಜ್ಜುತ್ತೇನೆ. ಬೆರಳು ಸೋಲುತ್ತದೆ, ಸ್ವಲ್ಪ ಕೂತು ಮತ್ತೆ ಏಳುತ್ತೇನೆ. ಕೆಳಗಿನಿಂದ ಮೊದಲು ಮಾಡಿದ ಕಡೆ ಮರದ ಎಳೆ ಕಾಣುತ್ತಿದೆ. ಹಗ್ಗ ಸವೆದು ಆದ ಗೆರೆಯೂ ಕಾಣುತ್ತಿದೆ. ಅದರ ಮೇಲೆ ಕೈ ಆಡಿಸಿದರೆ ತಾಯಿಯೂ ಹೆಂಡತಿಯೂ ಎಳೆದ ಹಗ್ಗ ಅದು ಎಂದು ಈಗ ಗೊತ್ತಾಗುತ್ತದೆ.

ನಿನ್ನೆ ಸಂಜೆ ಅವಳು ತಾನಾಗಿ ಫೋನ್ ಮಾಡಿದಳು. ಔಷಧಿಯ ಮಾತು ಕೇಳಲಿಲ್ಲ. ಬಣ್ಣ ಎಷ್ಟು ಹೋಯಿತು ಎಂದು ಕೇಳಿದಳು. ಅರ್ಧ ಆಗಿದೆ, ಅಟ್ಟದವರೆಗೂ ತೆಗೆಯುತ್ತೇನೆ ಎಂದೆ.

"ಅಟ್ಟದವರೆಗೆ ಎಂತಕೆ? ಏಣಿ ಹತ್ತಿ ಬಿದ್ದ್ ಸೊಂಟ ಮುರ್ಕಂಬುಕಾ? ಗಂಟ್ ನಿಂಬಷ್ಟ್ ಜಾಗ ಆರೆ ಸಾಕ್."

ಗಂಟು ನಿಲ್ಲುವಷ್ಟು ಜಾಗ ಆಗಿದೆ ಎಂದೆ. ಆಮೇಲೆ, ಕದಿರನ್ನು ಇಲಿ ತಿನ್ನದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಫೋನಿಟ್ಟಳು.

ಅದನ್ನು ಕಂಬದ ಬುಡದಿಂದ ಬಿಡಿಸಿ ಅಕ್ಕಿ ಡಬ್ಬದ ಮೇಲೆ ಇಟ್ಟು ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಕಲ್ಲು ಹೇರಿದ್ದೇನೆ. ಇವತ್ತು ಬೆಳಿಗ್ಗೆ ತೆಗೆದು ನೋಡಿದೆ. ಹಲಸಿನ ಎಲೆ ಮುರುಟಿದೆ, ಮಾವಿನ ಎಲೆ ಬಾಡಿದೆ. ತೆನೆಯಲ್ಲಿ ಒಂದು ಕಾಳೂ ಉದುರಿಲ್ಲ. ನನ್ನ ಗಂಟು ಮಾತ್ರ ಸಡಿಲವಾಗಿದೆ. ನಾನೇ ಬಿಗಿ ಮಾಡೋಣ ಎಂದು ನಾರಿಗೆ ಕೈ ಹಾಕಿದವನು ಬಿಟ್ಟೆ. ಅವಳು ಬಂದು ನೋಡಲಿ, ಬೈಯಲಿ, ಬಿಚ್ಚಿ ಕಟ್ಟಲಿ.