ಎಪ್ಪತ್ತು ಕಿಲೋಹರ್ಟ್ಸ್ ಮತ್ತು ನಮ್ಮ ಅತ್ತೆಯ ಮೂಗುಬೊಟ್ಟು

ನನ್ನ ಹೆಂಡತಿಯ ತಮ್ಮ ಚಿನ್ನ ಹುಡುಕುವ ಯಂತ್ರ ಕೊಂಡದ್ದು ಮೊಬೈಲಿನಲ್ಲಿ ವಿಡಿಯೋ ನೋಡಿ. ಯಾವುದೋ ದೇಶದ ಬಯಲಲ್ಲಿ ಟೋಪಿ ಹಾಕಿದವನೊಬ್ಬ ಕೋಲಿನಂಥದನ್ನು ಆಡಿಸುತ್ತ ನಡೆದು, ಅದು ಕುಂಯ್ ಅಂದಲ್ಲಿ ಅಗೆದು, ಕಡಲೆಕಾಳಿನಷ್ಟು ಚಿನ್ನ ಎತ್ತಿ ತೋರಿಸುತ್ತಿದ್ದನಂತೆ. ಅಲ್ಲಿ ಸಿಕ್ಕಿದ್ದು ಕೂಡ್ಲಿಗಿ ಸೀಮೆಯಲ್ಲಿ ಯಾಕೆ ಸಿಗಬಾರದು ಎಂಬುದು ಇವನ ತರ್ಕ. ಒಂದು ಬೇಸಿಗೆಯೆಲ್ಲ ಊರ ಹಳ್ಳದಲ್ಲಿ ಅಡ್ಡಾಡಿ ಅವನು ಸಂಪಾದಿಸಿದ್ದು ಎತ್ತಿನ ಲಾಳದ ಚೂರು, ಬಾಟಲಿ ಮುಚ್ಚಳ, ಒಂದು ಮುರಿದ ಕುಡುಗೋಲು. ಹಳ್ಳ ಸ್ವಚ್ಛವಾಯಿತು. ಅಷ್ಟರ ಮಟ್ಟಿಗೆ ಪಂಚಾಯ್ತಿಯವರು ಅವನಿಗೊಂದು ಶಾಲು ಹೊದಿಸಬಹುದಿತ್ತು.

ಶೇಂಗಾ ಕಿತ್ತು ಮುಗಿಸಿದ ದಿನ ನಮ್ಮ ಅತ್ತೆ ಮೂಗು ಮುಟ್ಟಿಕೊಂಡು ನೋಡಿದರೆ ಮೂಗುಬೊಟ್ಟು ಇಲ್ಲ. ಹೊಲದಲ್ಲೇ ಬಿದ್ದಿತ್ತು.

"ಅಳಬ್ಯಾಡ ಬೇ ಯವ್ವಾ, ಅರ್ಧ ತಾಸಿನ ಕೆಲ್ಸ" ಎಂದು ಮಗ ಯಂತ್ರ ಹೊತ್ತು ಹೊರಟ. ಎರಡು ದಿನ ಹುಡುಕಿದ. ಮೂರನೆಯ ದಿನ ನನಗೆ ಫೋನ್ ಮಾಡಿ, ಯಂತ್ರದ ಮೇಲೆ ಬರೆದಿರುವ ಫ್ರೀಕ್ವೆನ್ಸಿ ಅಂದರೇನು ಎಂದು ಕೇಳಿದ.

ನಾನು ಕೊಟ್ಟೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಕಲಿಸುವವನು. ಫ್ರೀಕ್ವೆನ್ಸಿ ಎಂದ ಕೂಡಲೇ ಹುಡುಗರು ಕಿಟಕಿಯ ಕಡೆ ತಿರುಗುವುದನ್ನು ಇಪ್ಪತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ. ಈಗ ಒಬ್ಬ ತಾನಾಗಿಯೇ ಕೇಳುತ್ತಿದ್ದಾನೆ! ಮುಂದಿನ ಬಸ್ಸಿಗೇ ಹೊರಟೆ.

ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಪಾಠ ಶುರುಮಾಡಿದೆ. ಯಂತ್ರದ ತಟ್ಟೆಯೊಳಗಿನ ತಂತಿಸುರುಳಿಯಲ್ಲಿ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಆ ಎಣಿಕೆಯೇ ಫ್ರೀಕ್ವೆನ್ಸಿ. ಅದು ಕಡಿಮೆಯಿದ್ದರೆ ಆಳದಲ್ಲಿರುವ ದೊಡ್ಡ ಲೋಹ ಸಿಗುತ್ತದೆ. ಹೆಚ್ಚಿದ್ದರೆ ಮೇಲ್ಮಣ್ಣಿನಲ್ಲಿರುವ ಸಣ್ಣ ಚೂರು ಸಿಗುತ್ತದೆ.

"ಅಂದ್ರ ನಂದು ಪವರ್ ಕಮ್ಮಿ ಐತೇನ್ ಮಾವಾ? ಬೋರಿನ ಮೋಟ್ರು ಇದ್ದಂಗ?"

"ಪವರ್ ಅಲ್ಲಲೇ! ನಿಂದು ಹದಿನೆಂಟು ಕಿಲೋ. ಮೂಗುಬೊಟ್ಟಿಗೆ ಅದು ಸಾಲಂಗಿಲ್ಲ. ಎಪ್ಪತ್ತು ಕಿಲೋ ಆದ್ರೂ ಬೇಕು."

"ಎಪ್ಪತ್ತು ಕಿಲೋದ್ದು ಹಡಗಲಿಯಾಗ ನಮ್ಮ ದೋಸ್ತನತ್ರ ಐತಿ."

"ನಾಳೆನ ತಗಂಡು ಬಾ. ಯಾರಿಗೂ ಹೇಳಬ್ಯಾಡ, ಮಂದಿ ಬಂದು ಹೊಲ ತುಳೀತಾರ."

ಉತ್ಸಾಹದಲ್ಲಿ ನಾನು ಕಿಲೋಹರ್ಟ್ಸ್ ಎನ್ನುವ ಬದಲು ಹರ್ಟ್ಸ್ ಬಿಟ್ಟು ಬರೀ ಕಿಲೋ ಎಂದಿದ್ದೆ. ನನ್ನ ದನಿಯೋ ಕೊನೆಯ ಬೆಂಚಿಗೆ ಕೇಳುವಂಥದು. ಪಕ್ಕದ ಮೇಜಿನ ಇಬ್ಬರು ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿ ಕೂತಿದ್ದು ನನಗೆ ನೆನಪಾದದ್ದು ಮರುದಿನ, ಹೊಲದ ಬದುವಿನ ಮೇಲೆ ಸನಿಕೆ, ಗುದ್ದಲಿ ಹಿಡಿದು ಸಾಲಾಗಿ ನಿಂತ ಜನರನ್ನು ಕಂಡಾಗ. ಹಗರಿಬೊಮ್ಮನಹಳ್ಳಿಯಿಂದಲೂ ಬೈಕುಗಳು ಬಂದಿದ್ದವು. ಊರಿನ ಯಾವ ಕೆಲಸಕ್ಕೂ ಒಟ್ಟಾಗದ ಜನ ಅಂದು ಒಂದೇ ಮನಸ್ಸಿನಿಂದ ಕೂಡಿದ್ದರು. ಸ್ವಲ್ಪ ಹೊತ್ತಿಗೆ ಪೊಲೀಸ್ ಪೇದೆಯೊಬ್ಬ ಬಂದ.

"ಎಪ್ಪತ್ತು ಕಿಲೋ ಬಂಗಾರ ಯಾರಿಗ್ರೀ ಸಿಕ್ಕಿದ್ದು?"

"ಬಂಗಾರ ಅಲ್ರಿ, ಅದು ಫ್ರೀಕ್ವೆನ್ಸಿ" ಎಂದೆ. "ಇಲ್ಲಿ ಕಿಲೋ ಅಂದ್ರ ತೂಕ ಅಲ್ಲ, ಸಾವಿರ ಅಂತ ಅರ್ಥ."

"ಸಾವಿರ ಕಿಲೋನಾ?" ಪೇದೆ ಟೋಪಿ ತೆಗೆದ.

ಇನ್ನು ಪ್ರಯೋಗವೇ ಗತಿ. ಅತ್ತೆಯ ಕಿವಿಯೋಲೆಯ ತಿರುಪನ್ನು ಬಿಚ್ಚಿಸಿಕೊಂಡು, ಬದುವಿನ ಚಪ್ಪಡಿ ಕಲ್ಲಿನ ಮೇಲಿಟ್ಟು, ಮೇಲೊಂದು ಚಿಟಿಕೆ ಮಣ್ಣು ಹಾಕಿದೆ. ಹದಿನೆಂಟರ ಯಂತ್ರ ಆಡಿಸಿದೆ, ಸದ್ದಿಲ್ಲ. ಬೆಳಿಗ್ಗೆ ಹಡಗಲಿಯಿಂದ ಬಂದಿದ್ದ ಎಪ್ಪತ್ತರದ್ದು ಆಡಿಸಿದೆ, ಕೀ ಎಂದಿತು. ಬದುಕಿನಲ್ಲಿ ಮೊದಲ ಸಲ ನನ್ನ ಪಾಠವೊಂದು ಕಣ್ಣೆದುರು ಸರಿಯಾಗಿತ್ತು. ಹೆಮ್ಮೆಯಿಂದ ತಲೆ ಎತ್ತಿದರೆ ಒಬ್ಬರೂ ನನ್ನನ್ನು ನೋಡುತ್ತಿಲ್ಲ, ಎಲ್ಲರ ಕಣ್ಣೂ ಯಂತ್ರದ ಮೇಲೆ.

"ಎಪ್ಪತ್ತು ಕಿಲೋದ್ದು ಭಾರಿ ಐತಪ್ಪೋ! ಕರೆಕ್ಟ್ ಹೇಳ್ತೈತಿ" ಎಂದಿತು ಗುಂಪು.

ಭಾವಮೈದುನ ಅದನ್ನು ಕೈಗೆತ್ತಿಕೊಂಡು ಹೊಲಕ್ಕೆ ಇಳಿದ. ಯಂತ್ರ ಹೆಜ್ಜೆಹೆಜ್ಜೆಗೂ ಕಿರುಚತೊಡಗಿತು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಯಂತ್ರಕ್ಕೆ ಮೊದಲೇ ಹೊಂದಿಸಿ ಹೇಳಬೇಕು. ಯಂತ್ರದಲ್ಲಿ ಅಂಥದೊಂದು ಬಟನ್ ಇದೆಯೆಂದು ನಾನು ಓದಿದ್ದೆ, ಯಾವುದೆಂದು ಓದಿರಲಿಲ್ಲ.

"ಅದು ಬಂಗಾರ ಅಲ್ರಪ್ಪಾ, ಮಣ್ಣಿನ ಕಬ್ಬಿಣ!" ಎಂದು ಕೂಗಿದೆ.

"ನಮ್ಮನ್ನ ಮನಿಗಿ ಕಳ್ಸಾಕ ಮೇಷ್ಟ್ರು ಸುಳ್ಳು ಹೇಳಾಕತ್ಯಾರ" ಎಂದು ಒಬ್ಬ ಗುದ್ದಲಿ ಎತ್ತಿದ. ಆಮೇಲೆ ಕೀ ಎಂದಲ್ಲೆಲ್ಲ ಗುಂಡಿ. ಪೇದೆಯೂ ಬೂಟಿನ ತುದಿಯಿಂದ ಅಲ್ಲಲ್ಲಿ ಕೆದಕುತ್ತಿದ್ದ, ಕರ್ತವ್ಯದ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊಲ ತಲೆಕೆಳಗಾಯಿತು. ಬಂಗಾರ ಸಿಗಲಿಲ್ಲ. ಮೂಗುಬೊಟ್ಟೂ ಸಿಗಲಿಲ್ಲ. ಅಷ್ಟೇ ಅಲ್ಲ, ಆ ಗದ್ದಲದಲ್ಲಿ ನಾನು ಪ್ರಯೋಗಕ್ಕಿಟ್ಟ ತಿರುಪೂ ಮಣ್ಣುಪಾಲಾಗಿತ್ತು. ಜನ ಮೇಷ್ಟ್ರನ್ನು ಬೈಯುತ್ತ ಚದುರಿದರು; ಕೆಲವರು, ಮಾಲು ರಾತ್ರಿಯೇ ಸಾಗಿಸಿದ್ದಾರೆ ಎಂದು ಖಚಿತವಾಗಿ ಹೇಳುತ್ತ ಹೋದರು. ಆ ಮಾತು ನನಗಿಂತ ಮುಂಚೆ ಕೊಟ್ಟೂರು ತಲುಪಿತ್ತು. ಇಪ್ಪತ್ತು ವರ್ಷ ನನ್ನ ನಮಸ್ಕಾರಕ್ಕೆ ಗೋಣು ಕೂಡ ಅಲ್ಲಾಡಿಸದ ಕಾಲೇಜಿನ ಹಿರಿಯರೊಬ್ಬರು ಮರುದಿನ ನನ್ನನ್ನು ಕುರ್ಚಿ ಕೊಟ್ಟು ಕೂರಿಸಿ, ಮನೆಯವರೆಲ್ಲ ಕ್ಷೇಮವೇ ಎಂದು ಕೇಳಿದರು.

ಅಂದು ಜನ ಚದುರಿದ ಮೇಲೆ ಅತ್ತೆ ಮಾತ್ರ ಹೊಲದಲ್ಲೇ ಉಳಿದರು. ಕೀಳುವಾಗ ಮಣ್ಣಿನಲ್ಲೇ ಉಳಿದಿದ್ದ ಶೇಂಗಾ ಅಗೆತಕ್ಕೆ ಮೇಲೆ ಬಂದಿದ್ದನ್ನು ನೋಡಿ, ಸೆರಗು ಬಿಗಿದು ಆರಿಸತೊಡಗಿದರು. ಮೂಗಿನ ತೂತು ಮುಚ್ಚದಿರಲೆಂದು ಕಸಬರಿಗೆ ಕಡ್ಡಿ ಸಿಕ್ಕಿಸಿಕೊಂಡಿದ್ದರು. ನಾನೂ ಆರಿಸಲು ಕೂತೆ. ಒಂದು ಚೀಲ ತುಂಬಿದ ಮೇಲೆ ಅವರು ನನ್ನ ಕಡೆ ತಿರುಗಿದರು.

"ಅಳಿಯಾರ, ಬರೋ ವರ್ಷನೂ ಹಿಂಗ ಬಂದು ಏನರ ಹೇಳಿಕೊಡ್ರಿ. ಕೂಲಿಯವ್ರು ಇಷ್ಟು ಆಳ ಅಗಿಯಂಗಿಲ್ಲ."