ಕಣದ ಪ್ರಾರ್ಥನೆ

ಉಪದೇಶಿಗಳ ಎರಡೂ ಪಾದಗಳ ಮೇಲೆ ಇಂಬಳ ಕಚ್ಚಿದ ಕಲೆಗಳಿದ್ದವು. ಕಚ್ಚಿದ ಕಡೆಯೇ ಮತ್ತೆ ಮತ್ತೆ ಕಚ್ಚಿ, ಗಿಣ್ಣಿನ ಸುತ್ತ ಚರ್ಮ ಕಪ್ಪಗೆ ಗಂಟುಗಂಟಾಗಿತ್ತು. ಚಪ್ಪಲಿಯನ್ನು ಹೊರಗೆ ಬಿಟ್ಟು, ಪಂಚೆಯನ್ನು ಒಂದು ಗೇಣು ಮೇಲೆಯೇ ಉಟ್ಟು ಅವರು ಚರ್ಚಿನಲ್ಲಿ ಬೈಬಲ್ ಪಾಠ ಓದಲು ನಿಂತರೆ, ಮೊದಲು ಕಣ್ಣಿಗೆ ಬೀಳುತ್ತಿದ್ದುದು ಆ ಕಾಲುಗಳೇ. ಪಕ್ಕದ ಕುರ್ಚಿಯಲ್ಲಿ ಬಿಳಿ ನಿಲುವಂಗಿ ತೊಟ್ಟು, ಪಾಲಿಶ್ ಮಾಡಿದ ಶೂ ಹಾಕಿಕೊಂಡು ನಾನು ಕೂತಿರುತ್ತಿದ್ದೆ. ಸಭೆಯ ಜನ ನನ್ನ ಶೂ ನೋಡುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಸಕಲೇಶಪುರದ ಚಿಕ್ಕ ಚರ್ಚಿಗೆ ನಾನು ಸಭಾಪಾಲಕನಾಗಿ ಬಂದಾಗ ನನಗೆ ಮೂವತ್ತೆರಡು, ಅವರಿಗೆ ಎಪ್ಪತ್ತರ ಹತ್ತಿರ. ಬೆಳಗೋಡಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಜೀವಮಾನವಿಡೀ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಎಸ್ಟೇಟಿನ ಯಜಮಾನರಾದ ಗೌಡರು ಅವರನ್ನು ಕೆಲಸಗಾರರ ಲೈನಿನ ಮನೆಯಿಂದ ಎಬ್ಬಿಸಿರಲಿಲ್ಲ. ಗುರುದೀಕ್ಷೆ ಪಡೆದವರಲ್ಲ, ಅಯ್ಯನವರು, ಅಂದರೆ ಸಭಾಪಾಲಕರು, ಇಲ್ಲದ ಕಡೆ ಪ್ರಾರ್ಥನೆ ನಡೆಸಲಿ, ರೋಗಿಗಳನ್ನು ನೋಡಿಕೊಂಡು ಬರಲಿ ಎಂದು ಸಭೆ ಒಪ್ಪಿಸಿದ್ದ ಕೆಲಸ ಅವರದು. ನಾನು ದೇವಶಾಸ್ತ್ರವನ್ನು ನಾಲ್ಕು ವರ್ಷ ಓದಿ, ಗ್ರೀಕ್ ಭಾಷೆಯಲ್ಲಿ ಒಳ್ಳೆಯ ಅಂಕ ತೆಗೆದು ಬಂದವನು. ಅವರು ನನಗೆ ಸಹಾಯಕರು ಎಂದೇ ತಿಳಿದುಕೊಂಡಿದ್ದೆ.

ಬಂದ ಎರಡನೆಯ ತಿಂಗಳಲ್ಲೇ ಆ ತಿಳುವಳಿಕೆಗೆ ಪೆಟ್ಟು ಬಿತ್ತು. ನಮ್ಮ ಸಭೆಯ ಒಬ್ಬ ಹೆಂಗಸು ಗರ್ಭಕೋಶದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ನಾನು ಹೋಗಿ ಕೀರ್ತನೆಯೊಂದನ್ನು ಓದಿ, ಮಂಡಿಯೂರಿ, ನನಗೇ ಮೆಚ್ಚುಗೆಯಾಗುವಂಥ ಪ್ರಾರ್ಥನೆ ಮಾಡಿದೆ. ಆಕೆ ಕಣ್ಣು ಒರೆಸಿಕೊಂಡು ಕೈ ಮುಗಿದಳು.

"ಬಂದ್ರಲ್ಲ ಅಯ್ನೋರೆ, ಸಂತೋಷ ಆತು. ಹೋಗ್ತಾ ಉಪದೇಶಿಗಳಿಗೆ ಒಂದ್ ಮಾತು ಹೇಳ್ಬುಡಿ, ಸಾಯಂಕಾಲ ಬಂದು ಪ್ರಾರ್ಥನೆ ಮಾಡ್ಲಿ."

ಹೇಳಿ ಕಳಿಸಿದೆ. ಹಾಗಾದರೆ ನಾನು ಮಾಡಿದ್ದು ಏನು ಎಂದು ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಕೇಳಿಕೊಂಡೆ. ಹೊಟ್ಟೆಕಿಚ್ಚು ಪಾಪ ಎಂದು ಎಷ್ಟೋ ಪ್ರಸಂಗಗಳಲ್ಲಿ ಹೇಳಿದವನು ನಾನು. ಅದು ನಿಜಕ್ಕೂ ಹೊಟ್ಟೆಯಲ್ಲೇ ಉರಿಯುತ್ತದೆ ಎಂದು ಗೊತ್ತಾದದ್ದು ಆವತ್ತು.

ಅವರ ಪ್ರಾರ್ಥನೆಯಲ್ಲಿ ಅಂಥದ್ದೇನಿದೆ ಎಂದು ಪತ್ತೆ ಮಾಡಲು ನಾನು ಕಿವಿಗೊಟ್ಟು ಕೇಳಿದ್ದುಂಟು. ಏನೂ ಇರಲಿಲ್ಲ. ಮೊದಲು ಎದುರಿಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ "ನಿಂದೇನೈತೆ?" ಎಂದು ವಿಚಾರಿಸುವರು. ಒಬ್ಬಳ ಮಗನ ಪರೀಕ್ಷೆ, ಒಬ್ಬನ ಬಿಪಿ, ಇನ್ನೊಬ್ಬನ ಕುಂಟುವ ಹಸು. ಆಮೇಲೆ ಕಣ್ಣು ಮುಚ್ಚಿ, ಒಂದನ್ನೂ ಬಿಡದೆ, ಹೆಸರು ಹಿಡಿದು ದೇವರಿಗೆ ಹೇಳುವರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟಾರು ಸುಟ್ಟುಹೋಗದಂತೆ ನೋಡಿಕೊಳ್ಳಲು ಅವರು ದೇವರನ್ನು ಕೇಳಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಒಮ್ಮೆ ಜನವರಿಯಲ್ಲಿ ಮೋಡ ಕಟ್ಟಿತ್ತು. ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿದವರಿಗೆ ಬಿಸಿಲು ಬೇಕು, ಗದ್ದೆಯಲ್ಲಿ ಬೀನ್ಸ್ ಹಾಕಿದವರಿಗೆ ಒಂದು ಮಳೆ ಬೇಕು. ಇಬ್ಬರೂ ಅವರ ಮುಂದೆಯೇ ನಿಂತಿದ್ದರು. "ಇಬ್ರುದೂ ಹೇಳಿದೀನಿ ಕರ್ತನೇ, ನಿಂಗೆ ತೋಚ್ದಂಗೆ ಮಾಡು. ಇವ್ರು ಮಾತ್ರ ಜಗಳ ಆಡ್ದಂಗೆ ನೋಡ್ಕೋ" ಎಂದು ಮುಗಿಸಿಬಿಟ್ಟರು. ನಾನಾಗಿದ್ದರೆ ದೇವರ ಚಿತ್ತದ ಬಗ್ಗೆ ಒಂದು ಪುಟ ಹೇಳುತ್ತಿದ್ದೆ.

ಕಾಫಿ ಕುಯ್ಲು ಶುರುವಾದರೆ ಎಸ್ಟೇಟಿಗೆ ಭಾನುವಾರವೆಂಬುದಿಲ್ಲ. ಹಣ್ಣು ಕಾಯುವುದಿಲ್ಲ, ಆಳುಗಳು ಸಿಕ್ಕುವುದಿಲ್ಲ, ಸಿಕ್ಕಿದ ದಿನ ಬಿಡಿಸಬೇಕು. ಆ ತಿಂಗಳುಗಳಲ್ಲಿ ಉಪದೇಶಿಗಳು ಭಾನುವಾರ ಬೆಳಿಗ್ಗೆ ಏಳಕ್ಕೆ, ಕಣದ ಅಂಚಿನಲ್ಲಿ, ಕೆಲಸಕ್ಕೆ ಹೊರಟವರನ್ನು ನಿಲ್ಲಿಸಿಕೊಂಡು ಪ್ರಾರ್ಥನೆ ಮಾಡುತ್ತಿದ್ದರು. ಆರೇಳು ನಿಮಿಷ, ಅಷ್ಟೇ. ನಿಂತವರು ನಲವತ್ತು ಜನವಾದರೂ ನಮ್ಮ ಸಭೆಯವರು ಹತ್ತು ಹನ್ನೆರಡು ಮಾತ್ರ. ಉಳಿದವರು ತಮ್ಮ ತಮ್ಮ ದೇವರಿಗೆ ನಡೆದುಕೊಳ್ಳುವವರು. ಗೌಡರ ಮನೆಯ ಹಿರಿಯಮ್ಮನೂ ಶಾಲು ಹೊದ್ದು ಬಂದು ನಿಲ್ಲುತ್ತಿದ್ದರು. ಅದೇ ಭಾನುವಾರ ಒಂಬತ್ತಕ್ಕೆ ಪೇಟೆಯ ಚರ್ಚಿನಲ್ಲಿ ನನ್ನ ಎದುರಿಗೆ ಹದಿನೆಂಟು ಜನ.

ಆ ಹದಿನೆಂಟನ್ನೂ ಆ ನಲವತ್ತನ್ನೂ ಮನಸ್ಸಿನಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಮೂರು ವಾರ ಬೆಂದೆ. ನಾಲ್ಕನೆಯ ವಾರ ಆರಾಧನೆ ಮುಗಿದ ಮೇಲೆ ಉಪದೇಶಿಗಳನ್ನು ಒಳಗಿನ ಕೋಣೆಗೆ ಕರೆದೆ. ಕಾಫಿ ಒಣಗಿಸುವ ಜಾಗ ಆರಾಧನೆಯ ಜಾಗವಲ್ಲ, ದೇವರ ದಿನದಲ್ಲಿ ಕೆಲಸಕ್ಕೆ ಹೋಗುವವರನ್ನು ಪ್ರಾರ್ಥನೆ ಮಾಡಿ ಕಳಿಸಿದರೆ ನಾವೇ ಒಪ್ಪಿಗೆ ಕೊಟ್ಟಂತಾಗುತ್ತದೆ, ಗುರುದೀಕ್ಷೆಯಿಲ್ಲದವರು ಹೀಗೆ ಬೇರೆ ಸಭೆ ಕೂಡಿಸುವುದು ಕ್ರಮವಲ್ಲ, ಇನ್ನು ಮುಂದೆ ಕಣದಲ್ಲಿ ನೀವು ಪ್ರಾರ್ಥನೆ ಮಾಡಬೇಡಿ ಎಂದೆ. ಮಾತುಗಳೆಲ್ಲ ಸರಿಯಾಗಿಯೇ ಇದ್ದವು. ಅವು ಹೊರಟ ಜಾಗ ಸರಿಯಿರಲಿಲ್ಲ. ಅವರು ಕೊಡೆಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಸುತ್ತುತ್ತಾ ಪೂರ್ತಿ ಕೇಳಿಸಿಕೊಂಡರು. "ಆಗ್ಲಿ ಅಯ್ನೋರೆ" ಎಂದು ಬಸ್ಸಿಗೆ ಹೋದರು.

ನನಗೆ ನಂಬಿಕೆ ಬರಲಿಲ್ಲ. ಅಷ್ಟು ಸುಲಭವಾಗಿ ಯಾರು ಬಿಟ್ಟುಕೊಡುತ್ತಾರೆ? ಕದ್ದು ನಡೆಸುತ್ತಿರಬೇಕು ಎಂದುಕೊಂಡು ಮುಂದಿನ ಭಾನುವಾರ ಹಿಡಿಯಲೆಂದೇ ಹೊರಟೆ. ಆನೆ ದಾರಿ ದಾಟಿ ಹೋಗಿದೆಯೆಂದು ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜು ಬರುವ ತನಕ ಬೆಳಗೋಡಿನಲ್ಲಿ ಕಾದು, ಏಳಕ್ಕೆ ಸರಿಯಾಗಿ ಎಸ್ಟೇಟಿನ ಕಾಫಿ ಸ್ಟೋರಿನ ಹಿಂದೆ ಸ್ಕೂಟರ್ ನಿಲ್ಲಿಸಿ, ಸದ್ದಿಲ್ಲದೆ ಬಂದೆ. ಮಂಜಿನಲ್ಲಿ ನಲವತ್ತೂ ಜನ ನಿಂತಿದ್ದರು. ಉಪದೇಶಿಗಳೂ ಅವರ ನಡುವೆ ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಹೆಗಲ ಮೇಲೆ ಚೀಲ ಹಾಕಿಕೊಂಡು ಸುಮ್ಮನೆ ನಿಂತಿದ್ದರು.

ಉಪದೇಶಿಗಳು ಕಣ್ಣು ಬಿಟ್ಟು ನನ್ನನ್ನು ಕಂಡರು. ಮುಖದಲ್ಲಿ ನಿಜವಾದ ಸಂತೋಷ.

"ಬನ್ನಿ ಅಯ್ನೋರೆ. ನಾನು ಮಾಡ್ಬಾರ್ದು ಅಂದಿದ್ರಲ್ಲ, ಅದ್ಕೆ ಎಲ್ರೂ ಸುಮ್ನೆ ನಿಂತ್ಕಂಡಿದ್ವಿ. ನೀವೇ ಬಂದ್ಬುಟ್ರಿ, ಒಳ್ಳೇದಾತು. ಮಾಡಿ."

ಮಾನವಂತನಾದರೆ ಆ ಕ್ಷಣದಲ್ಲೇ, ನೀವೇ ಮಾಡಿ ಎನ್ನಬೇಕಿತ್ತು. ನಾನು ಮುಂದೆ ಬಂದು ಪ್ರಾರ್ಥನೆಗೆ ತೊಡಗಿದೆ. ಅವರಿಗಿಂತ ಚೆನ್ನಾಗಿ ಮಾಡಬೇಕೆಂಬ ಹಟ ಬೇರೆ. ಸೃಷ್ಟಿಯಿಂದ ಹಿಡಿದು ರಕ್ಷಣೆಯ ತನಕ ಬಂದೆ. ಇಪ್ಪತ್ತು ನಿಮಿಷವಾಗಿರಬೇಕು. ಕಿಲೋ ಲೆಕ್ಕದ ಕೂಲಿಗೆ ಹಣ್ಣು ಬಿಡಿಸುವ ಜನ ಕಾಲು ಬದಲಾಯಿಸಿದ್ದು, ಯಾರೋ ಕೆಮ್ಮಿದ್ದು, ಇನ್ಯಾರೋ ಟಾರ್ಪಾಲು ಎಳೆಯತೊಡಗಿದ್ದು ಎಲ್ಲವೂ ಕಿವಿಗೆ ಬೀಳುತ್ತಿತ್ತು. ಹೊಸ ರೈಟರ್ ಕೊನೆಗೆ ಸೀಟಿ ಊದಿಯೇ ಬಿಟ್ಟ. ಕಣ್ಣು ತೆರೆದಾಗ ನನ್ನ ಮುಂದೆ ಉಳಿದಿದ್ದವರು ಉಪದೇಶಿಗಳು ಮತ್ತು ಗೌಡರ ಮನೆಯ ಹಿರಿಯಮ್ಮ.

ಉಪದೇಶಿಗಳು ನನ್ನನ್ನು ಲೈನಿನ ಮನೆಗೆ ಕರೆದೊಯ್ದು ಬೆಲ್ಲದ ಕಾಫಿ, ಅಕ್ಕಿರೊಟ್ಟಿ ಕೊಡಿಸಿದರು. ಪ್ರಾರ್ಥನೆ ಚೆನ್ನಾಗಿತ್ತೆಂದು ಹೊಗಳಿದರು. ಅವರ ಹೆಂಡತಿ ಒಳಗೆ ಹೋದ ಮೇಲೆ ತಗ್ಗಿದ ದನಿಯಲ್ಲಿ ಒಂದೇ ಮಾತು ಸೇರಿಸಿದರು: "ದೇವ್ರಿಗೆ ವಿಷ್ಯ ಹೇಳಿದ್ರೆ ಸಾಕು ಅಯ್ನೋರೆ. ಅರ್ಥ ಬಿಡ್ಸಿ ಹೇಳೋದು ಬ್ಯಾಡ."

ಮುಖ ಬಿಸಿಯಾಯಿತು. ಆದರೂ ಬುದ್ಧಿ ಕಲಿತೆ ಎಂದೇ ಹೇಳಬೇಕು. ಉಳಿದ ಭಾನುವಾರಗಳಲ್ಲೂ ಹೋದೆ. ಕಣದ ಪ್ರಾರ್ಥನೆ ನನ್ನದಾಯಿತು. ಹಿಂದಿನ ದಿನವೇ ಉಪದೇಶಿಗಳು ಫೋನು ಮಾಡಿ ಯಾರ ಮನೆಯಲ್ಲಿ ಏನು ಎಂದು ಹೇಳುತ್ತಿದ್ದರು, ನಾನು ಬರೆದುಕೊಂಡು ಹೋಗಿ ಹೇಳುತ್ತಿದ್ದೆ. ಪ್ರಾರ್ಥನೆ ಹತ್ತು ನಿಮಿಷಕ್ಕೆ ಇಳಿಯಿತು, ಆಮೇಲೆ ಆರಕ್ಕೆ. ಹೆಂಗಸರು ನನಗೂ ಕಿತ್ತಳೆ, ಕಾಳುಮೆಣಸು ಕಟ್ಟಿಕೊಡತೊಡಗಿದರು. ನನಗೆ ಇಷ್ಟವಾಯಿತು. ಕದ್ದ ಅಂಗಿಯೇ ಮೈಗೆ ಹೊಂದಿಕೊಂಡಂತೆ ಹಾಯಾಗಿದ್ದೆ.

ಮರುವರ್ಷದ ಕುಯ್ಲು ಶುರುವಾಗುವ ಮುಂಚೆ ಉಪದೇಶಿಗಳು ಚರ್ಚಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು. ಏನನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಮುಖ ನೋಡದೆ ಕೇಳಿದರು.

"ಈ ಸಲ ಒಂದ್ ಭಾನುವಾರ ಕಣದಲ್ಲಿ ನಾನು ಮಾಡ್ಲಾ ಅಯ್ನೋರೆ? ಒಂದೇ ಒಂದ್ ಸಲ."

"ನೋಡೋಣ" ಎಂದೆ.

ಕೊಡಬಾರದೆಂದೇನೂ ಇರಲಿಲ್ಲ. ಆದರೆ ಅವರು ಒಮ್ಮೆ ಬಾಯಿ ತೆರೆದರೆ ಆ ಜನ ಅವರ ಕಡೆ ಹೇಗೆ ತಿರುಗುತ್ತಾರೆಂದು ನನಗೆ ಗೊತ್ತಿತ್ತು. ಪ್ರತಿ ವಾರವೂ ಮುಂದಿನ ವಾರ ಕೊಟ್ಟರಾಯಿತು ಎಂದುಕೊಂಡೆ. ಅವರು ಮತ್ತೆ ಕೇಳಲಿಲ್ಲ. ಫೋನು ಮಾಡಿ ಜನರ ಕಷ್ಟಸುಖ ಹೇಳುವುದನ್ನೂ ತಪ್ಪಿಸಲಿಲ್ಲ.

ಮಾರ್ಚಿನಲ್ಲಿ, ಕಾಫಿ ಹೂ ಬಿಟ್ಟ ವಾರ, ಅವರು ಕೂತ ಹಾಗೆಯೇ ತೀರಿಕೊಂಡರು. ಮಣ್ಣಿಗೆ ನಾಲ್ಕು ಎಸ್ಟೇಟಿನ ಜನ ಬಂದಿದ್ದರು. ಆಲೂರಿನಿಂದ, ಮಾರನಹಳ್ಳಿಯಿಂದಲೂ ಜೀಪು ಮಾಡಿಕೊಂಡು ಬಂದವರಿದ್ದರು. ಗೌಡರೇ ಹೆಗಲು ಕೊಟ್ಟರು. ಸಮಾಧಿಯ ಪಕ್ಕ ನಿಂತು ಓದುವಾಗಲೂ, ನಾನು ಸತ್ತರೆ ಇಷ್ಟು ಜನ ಬಂದಾರೇ ಎಂದು ಲೆಕ್ಕ ಹಾಕಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಕಿದ್ದು ನಿಜ.

ಮೂರನೆಯ ದಿನದ ಪ್ರಾರ್ಥನೆ ಮುಗಿಸಿ ಹೊರಟಾಗ ಅವರ ಹೆಂಡತಿ ಹೊಸಲಿನ ತನಕ ಬಂದರು. ನನಗೆ ಸಮಾಧಾನವಾಗಲಿ ಎಂದೇ ಆ ತಾಯಿ ಹೇಳಿದ್ದು. ಅದರಲ್ಲಿ ದೂರು ಇರಲಿಲ್ಲ.

"ನಿಮ್ಮ ಮೇಲೆ ಭಾಳ ಪ್ರೀತಿ ಇತ್ತು ಅಯ್ನೋರೆ ಅವ್ರಿಗೆ. ಈ ಕುಯ್ಲಿನಾಗೆ ಪ್ರತಿ ಭಾನುವಾರ ನಾಲ್ಕಕ್ಕೇ ಎದ್ದು, ಸ್ನಾನ ಮಾಡಿ, ಬಿಳೇ ಅಂಗಿ ಹಾಕ್ಕಂಡು ಕೂತಿರೋರು. ಯಾಕಿಷ್ಟು ಬೇಗ ಅಂದ್ರೆ, ಅಯ್ನೋರು ಇವತ್ತು ನನ್ನ ಕರೀಬೌದು ಕಣೇ ಅನ್ನೋರು."

ಆ ಕುಯ್ಲಿನಲ್ಲಿ ಹನ್ನೊಂದು ಭಾನುವಾರಗಳಿದ್ದವು. ಹನ್ನೊಂದು ಸಲವೂ ನಾನೇ ಪ್ರಾರ್ಥನೆ ಮಾಡಿದೆ.